ಕಾಫಿ ಹೂವಿಗೆ ಮಾರ್ಚ್ 31 ಗೊತ್ತಿಲ್ಲ: ಕೊಡಗಿನ ಕಾಲೇಜುಗಳು ಮತ್ತು ಹೊರಗಿನ ಅನುದಾನ

ಕೊಡಗು ವಿಶ್ವವಿದ್ಯಾಲಯ ಉಳಿಯುತ್ತದೆಯೋ, ಮತ್ತೆ ಮಂಗಳೂರು ವಿವಿಗೆ ಸೇರುತ್ತದೆಯೋ? 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವತ್ತ ಒಲವು ತೋರಿತು. ಆ ಪಟ್ಟಿಯಲ್ಲಿ ಚಿಕ್ಕ ಅಳುವಾರದ ಕೊಡಗು ವಿವಿಯೂ ಇತ್ತು. ಅಂದಿನಿಂದ ಜಿಲ್ಲೆಯಲ್ಲಿ ಪೋಷಕರು ಕೇಳುತ್ತಿರುವುದು ಅಂಕಪಟ್ಟಿಯ ಬಗ್ಗೆ: ಮಕ್ಕಳ ಪದವಿ ಪ್ರಮಾಣಪತ್ರದ ಮೇಲೆ ಯಾವ ವಿವಿಯ ಹೆಸರು ಬರುತ್ತದೆ?

ಅಷ್ಟಾಗಿ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಕಾಲೇಜಿನ ಅಧ್ಯಾಪಕರೊಬ್ಬರಿಗೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಮೂರು ವರ್ಷದ ಸಂಶೋಧನಾ ಯೋಜನೆ ಮಂಜೂರಾಗಿದ್ದರೆ ಆ ಹಣ ಯಾರ ಖಾತೆಯಲ್ಲಿರುತ್ತದೆ, ಯಾರ ಸಹಿಯಿಂದ ಖರ್ಚಾಗುತ್ತದೆ, ನಡುವೆ ವಿವಿಯೇ ಬದಲಾದರೆ ಏನಾಗುತ್ತದೆ? ಇದೇ ಹೊತ್ತಿಗೆ ಓದುಗರಿಗೆ ಒಂದಕ್ಕೊಂದು ಹೊಂದದ ಎರಡು ಸುದ್ದಿಗಳೂ ಸಿಕ್ಕಿವೆ. ಸಂಶೋಧನೆಗೆ 50,000 ಕೋಟಿ ರೂಪಾಯಿ ಎಂಬುದು ಒಂದು. ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್ ಪಡೆಯುವ ಸಂಶೋಧನಾ ವಿದ್ಯಾರ್ಥಿಗಳಿಗೆ 2025ರಲ್ಲಿ ತಿಂಗಳುಗಟ್ಟಲೆ ಹಣವೇ ಬಂದಿರಲಿಲ್ಲ ಎಂಬುದು ಇನ್ನೊಂದು. ಎರಡೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದು ತಿಳಿದರೆ ಕೊಡಗಿನ ಕಾಲೇಜುಗಳ ಕಷ್ಟ ಅರ್ಧ ಅರ್ಥವಾದಂತೆ.

ಯಾವುದು ಹೊರಗಿನ ಹಣ?

ವಿದ್ಯಾರ್ಥಿಗಳ ಶುಲ್ಕ, ಸರ್ಕಾರ ಕೊಡುವ ಸಂಬಳ, ಆಡಳಿತ ಮಂಡಳಿಯ ಸ್ವಂತ ಹಣ, ಇವು ಕಾಲೇಜಿನ ಒಳಗಿನ ಆದಾಯ. ನಿರ್ದಿಷ್ಟ ಕೆಲಸಕ್ಕಾಗಿ, ನಿರ್ದಿಷ್ಟ ಅವಧಿಗೆ, ಲೆಕ್ಕ ಒಪ್ಪಿಸುವ ಷರತ್ತಿನ ಮೇಲೆ ಬೇರೆ ಸಂಸ್ಥೆ ಕೊಡುವುದು ಹೊರಗಿನ ಅನುದಾನ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜು ಯೋಜನೆ, ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್, ಮೊದಲು ರೂಸಾ ಆಗಿದ್ದು 2023ರಲ್ಲಿ ಹೆಸರು ಬದಲಾದ ಕೇಂದ್ರದ ಉನ್ನತ ಶಿಕ್ಷಣ ಯೋಜನೆ ಪಿಎಂ-ಉಷಾ, ಕಂಪನಿಗಳು ಸಾಮಾಜಿಕ ಹೊಣೆಯಾಗಿ ಕೊಡುವ ಸಿಎಸ್‌ಆರ್ ಹಣ, ವಿದೇಶಿ ಪ್ರತಿಷ್ಠಾನಗಳ ನೆರವು, ಎಲ್ಲವೂ ಇದರೊಳಗೆ ಬರುತ್ತವೆ.

2024ರ ಫೆಬ್ರವರಿ 5ರಂದು ಜಾರಿಗೆ ಬಂದ ಕಾಯ್ದೆಯಡಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್, ಹಳೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಎಸ್‌ಇಆರ್‌ಬಿ) ಜಾಗಕ್ಕೆ ಬಂದಿದೆ. 50,000 ಕೋಟಿಯ ಮಾತು ಬರುವುದು ಇಲ್ಲಿಂದಲೇ. 2023ರಿಂದ 2028ರವರೆಗಿನ ಐದು ವರ್ಷಕ್ಕೆ ಅಂದಾಜಿಸಿದ ಆ ಮೊತ್ತದಲ್ಲಿ ಕೇಂದ್ರ ಸರ್ಕಾರದ ಪಾಲು 14,000 ಕೋಟಿ. ಉಳಿದದ್ದು ಉದ್ಯಮ, ದಾನಿಗಳು ಮತ್ತು ಇತರ ಮೂಲಗಳಿಂದ ಬರಬೇಕು. ಇದನ್ನು ಕಾಲೇಜುಗಳು ಗಮನಿಸಬೇಕು. ಮುಂದೆ ಬರುವ ಹಣದ ದೊಡ್ಡ ಭಾಗ ಒಂದೇ ಬಗೆಯ ಸರ್ಕಾರಿ ನಿಯಮದಡಿ ಬರುವುದಿಲ್ಲ. ಒಂದೇ ಕಚೇರಿ, ಒಬ್ಬನೇ ಗುಮಾಸ್ತ, ಹಲವು ಬಗೆಯ ಲೆಕ್ಕ ಇಡಬೇಕಾಗುತ್ತದೆ.

ಮಂಜೂರಾದ ಹಣ ಬೇರೆ, ಕೈಗೆ ಬಂದ ಹಣ ಬೇರೆ

ಮೊದಲು ಪದ್ಧತಿ ಸರಳವಾಗಿತ್ತು. ಮಂಜೂರಾತಿ ಆದೇಶ ಬರುತ್ತಿತ್ತು, ವರ್ಷದ ಕಂತು ಕಾಲೇಜಿನ ಬ್ಯಾಂಕ್ ಖಾತೆಗೆ ಬೀಳುತ್ತಿತ್ತು, ಪ್ರಾಂಶುಪಾಲರು ಚೆಕ್ ಬರೆಯುತ್ತಿದ್ದರು. ವರ್ಷ ಮುಗಿದಾಗ ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಎಳೆದುಕೊಂಡು ಹೋಗಲು ಅನುಮತಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತಿತ್ತು.

ಸರ್ಕಾರಕ್ಕೆ ಈ ಪದ್ಧತಿಯಲ್ಲಿ ಕಂಡ ತೊಂದರೆ ಸಣ್ಣದಲ್ಲ. ದೇಶದ ಸಾವಿರಾರು ಸಂಸ್ಥೆಗಳ ಖಾತೆಗಳಲ್ಲಿ ಖರ್ಚಾಗದ ಹಣ ಬಿದ್ದಿರುತ್ತಿತ್ತು. ಅದೇ ಹೊತ್ತಿಗೆ ಕೇಂದ್ರ ಸರ್ಕಾರ ಬಡ್ಡಿಗೆ ಸಾಲ ತರುತ್ತಿತ್ತು. ಒಂದು ಕಡೆ ಸಾಲದ ಬಡ್ಡಿ, ಇನ್ನೊಂದು ಕಡೆ ತನ್ನದೇ ಹಣ ಬೇರೆಯವರ ಉಳಿತಾಯ ಖಾತೆಯಲ್ಲಿ. ಹಾಗಾಗಿ 2022ರ ಮಾರ್ಚ್‌ನಲ್ಲಿ ಕೇಂದ್ರ ವೆಚ್ಚ ಇಲಾಖೆ ಕೇಂದ್ರ ವಲಯದ ಯೋಜನೆಗಳಿಗೆ ಹೊಸ ವ್ಯವಸ್ಥೆ ತಂದಿತು. ದೊಡ್ಡ ಯೋಜನೆಗಳ ಹಣ ರಿಸರ್ವ್ ಬ್ಯಾಂಕಿನ ಖಾತೆಯಲ್ಲೇ ಉಳಿಯುತ್ತದೆ, ಉಳಿದವುಗಳದ್ದು ಒಂದು ಕೇಂದ್ರ ನೋಡಲ್ ಸಂಸ್ಥೆಯ ಖಾತೆಯಲ್ಲಿರುತ್ತದೆ. ಎರಡನೆಯ ಬಗೆಯಲ್ಲಿ ಕಾಲೇಜಿಗೆ ಸಿಗುವುದು ಶೂನ್ಯ ಶಿಲ್ಕಿನ ಖಾತೆ. ಅದರಲ್ಲಿ ದುಡ್ಡಿರುವುದಿಲ್ಲ, ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ ಇರುತ್ತದೆ. ಪಿಎಫ್‌ಎಂಎಸ್ ಎಂಬ ಕೇಂದ್ರದ ಹಣ ಪಾವತಿ ಜಾಲತಾಣದಲ್ಲಿ ಒಬ್ಬರು ಬಿಲ್ ಹಾಕಬೇಕು, ಇನ್ನೊಬ್ಬರು ಒಪ್ಪಬೇಕು, ಆಮೇಲೆ ಹಣ ನೇರವಾಗಿ ಅಂಗಡಿಯವನ ಖಾತೆಗೆ ಹೋಗುತ್ತದೆ.

ಬೇಕಾದಾಗ ಬೇಕಾದಷ್ಟೇ ಹಣ ಎಂಬ ಈ ತತ್ವದಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಬೆನ್ನಿಗೆ ಎರಡು ಪರಿಣಾಮಗಳು ಬಂದವು. ರಿಸರ್ವ್ ಬ್ಯಾಂಕ್ ಖಾತೆಯ ಮಾದರಿಯಲ್ಲಿ ಮಾರ್ಚ್ 31ರೊಳಗೆ ಬಳಸದ ಮಿತಿ ತಾನಾಗಿಯೇ ರದ್ದಾಗುತ್ತದೆ. ಏಪ್ರಿಲ್ ಬಂದ ಮೇಲೆ ಹೊಸ ಬಜೆಟ್, ಹೊಸ ಮಿತಿ, ಹೊಸ ಹಂಚಿಕೆ ಆಗಬೇಕು. ಅದು ದೆಹಲಿಯಿಂದ ಹಂತ ಹಂತವಾಗಿ ಇಳಿದು ಮಡಿಕೇರಿಗೋ ಗೋಣಿಕೊಪ್ಪಕ್ಕೋ ತಲುಪುವಷ್ಟರಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಕೋಟಿಗಟ್ಟಲೆ ಹಣ ಘೋಷಣೆಯಾಗಿದ್ದರೂ ಸಂಶೋಧನಾ ವಿದ್ಯಾರ್ಥಿ ಸಂಬಳಕ್ಕಾಗಿ ಕಾಯುವುದು ಈ ಸಂದಿಯಲ್ಲೇ.

ಹೂಮಳೆಯ ಲೆಕ್ಕ, ಹಣಕಾಸು ವರ್ಷದ ಲೆಕ್ಕ

ಬೇರೆ ಜಿಲ್ಲೆಗಳಲ್ಲಿ ಈ ಏಪ್ರಿಲ್ ಸಂದಿ ಒಂದು ಕಿರಿಕಿರಿ. ಕೊಡಗಿನಲ್ಲಿ ಅದು ಇಡೀ ವರ್ಷದ ಸಂಶೋಧನೆಯನ್ನೇ ಕೆಡಿಸಬಲ್ಲದು. ಯಾಕೆಂದರೆ ಇಲ್ಲಿ ಅಧ್ಯಯನಕ್ಕೆ ಯೋಗ್ಯವಾದ ಎಷ್ಟೋ ಸಂಗತಿಗಳು ಕ್ಯಾಲೆಂಡರ್ ನೋಡಿ ನಡೆಯುವುದಿಲ್ಲ, ಮಳೆ ನೋಡಿ ನಡೆಯುತ್ತವೆ.

ಕಾಫಿಯನ್ನೇ ತೆಗೆದುಕೊಳ್ಳಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗ ಬೇಕಾದರೂ ಹೂಮಳೆ ಬೀಳಬಹುದು. ಒಂದಿಂಚಿನಷ್ಟು ಹದವಾದ ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು–ಮೂರು ದಿನದಲ್ಲಿ ಹೂ ಬಾಡುತ್ತದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡವಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿ ಬೇಕು, ಜೇನು ಬೇಕು. ಹೆಜ್ಜೇನು ಎಷ್ಟು ಬಂತು, ತುಡುವೆ ಎಷ್ಟು ಬಂತು, ಯಾವ ತೋಟದಲ್ಲಿ ಕಾಯಿ ಹೆಚ್ಚು ಕಟ್ಟಿತು ಎಂದು ನೋಡಬೇಕಾದ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ಸಿಗುವುದು ಆ ಮೂರು ದಿನ ಮಾತ್ರ. ಆಗ ವಾಹನ ಬೇಕು, ಎಣಿಸಲು ನಾಲ್ಕಾರು ಜನ ಬೇಕು, ಬಲೆ ಬೇಕು, ಅವರಿಗೆ ದಿನಗೂಲಿ ಕೊಡಬೇಕು.

ಆ ಮೂರು ದಿನ ಮಾರ್ಚ್ 28ಕ್ಕೆ ಬಂದರೆ ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ ಮುಚ್ಚುವ ಗಡಿಬಿಡಿ. ಏಪ್ರಿಲ್ 8ಕ್ಕೆ ಬಂದರೆ ಖಾತೆಯಲ್ಲಿ ಮಿತಿಯೇ ಇಲ್ಲ. ಹಣ ಜುಲೈಗೆ ಬಂದಾಗ ಕಕ್ಕಡ ಮಾಸದ ಮಳೆ ಹೊಡೆಯುತ್ತಿರುತ್ತದೆ, ಹೂವಿನ ಮಾತೇ ಇರುವುದಿಲ್ಲ. ಹೂ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಮೂರು ವರ್ಷದ ಯೋಜನೆಯಲ್ಲಿ ಒಂದು ಹೂ ತಪ್ಪುವುದೆಂದರೆ ಮೂರರಲ್ಲಿ ಒಂದು ಭಾಗ ದತ್ತಾಂಶ ಹೋದಂತೆ.

ಗುಡ್ಡ ಕುಸಿತದ ಅಧ್ಯಯನವೂ ಹೀಗೆಯೇ. 2018ರ ಆಗಸ್ಟ್‌ನ ದುರಂತದ ನಂತರ ಇಳಿಜಾರುಗಳಲ್ಲಿ ಮಣ್ಣಿನ ತೇವ ಅಳೆಯುವುದು ಎಷ್ಟು ಅಗತ್ಯ ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಳೆಯುವ ಸಾಧನ ಜೂನ್ ಮೊದಲ ವಾರದೊಳಗೆ ನೆಲದಲ್ಲಿರಬೇಕು. ಅಂದರೆ ಅದರ ಖರೀದಿ ಏಪ್ರಿಲ್–ಮೇ ತಿಂಗಳಲ್ಲಿ ಮುಗಿಯಬೇಕು. ಹಣಕ್ಕೆ ಬಾಗಿಲು ಮುಚ್ಚಿರುವುದೂ ಅದೇ ಎರಡು ತಿಂಗಳಲ್ಲಿ.

ಇದಕ್ಕೆ ಪರಿಹಾರ ಪೂರ್ತಿ ದೆಹಲಿಯ ಕೈಯಲ್ಲಿಲ್ಲ. ಯೋಜನೆ ಬರೆಯುವಾಗಲೇ ಕ್ಷೇತ್ರಕಾರ್ಯದ ಖರ್ಚನ್ನು ವರ್ಷವಾರು ಸಮಾನವಾಗಿ ಹಂಚದೆ ಋತುವಿಗೆ ತಕ್ಕಂತೆ ತೋರಿಸಬಹುದು. ಬಲೆ, ಚೀಲ, ಸಾಧನಗಳನ್ನು ಜನವರಿಯಲ್ಲೇ ಖರೀದಿಸಿ ಇಡಬಹುದು. ಏಪ್ರಿಲ್ ಖರ್ಚಿಗೆ ಕಾಲೇಜು ತನ್ನ ನಿಧಿಯಿಂದ ಮುಂಗಡ ಕೊಟ್ಟು, ಅನುದಾನ ಬಂದಾಗ ವಾಪಸ್ ತೆಗೆದುಕೊಳ್ಳಲು ಅನುದಾನ ಸಂಸ್ಥೆಯಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯಬಹುದು. ಇಷ್ಟನ್ನು ನೆನಪಿಟ್ಟು ಮಾಡುವ ಒಬ್ಬರು ಕಚೇರಿಯಲ್ಲಿರಬೇಕು. ಕೊರತೆ ಇರುವುದು ಅಲ್ಲಿ.

ಒಂದು ಹಾಳೆಯ ಯುಸಿ

ಹಣ ಬಳಕೆ ಪ್ರಮಾಣಪತ್ರವನ್ನು ಕಾಲೇಜು ಕಚೇರಿಗಳಲ್ಲಿ ಎಲ್ಲರೂ ಯುಸಿ ಎನ್ನುತ್ತಾರೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ ಇದಕ್ಕೆ 12-ಎ ಎಂಬ ನಮೂನೆ ಇದೆ. ನೋಡಲು ಸಣ್ಣ ಪಟ್ಟಿ. ಹಿಂದಿನ ವರ್ಷದ ಉಳಿಕೆ ಒಂದು ಕಾಲಂ, ಅದರ ಮೇಲೆ ಬಂದ ಬಡ್ಡಿ ಇನ್ನೊಂದು, ಆ ಬಡ್ಡಿಯಲ್ಲಿ ಸರ್ಕಾರಕ್ಕೆ ಕಟ್ಟಿದ್ದು ಮತ್ತೊಂದು. ಆಮೇಲೆ ಈ ವರ್ಷ ಬಂದ ಅನುದಾನ ಮಂಜೂರಾತಿ ಸಂಖ್ಯೆ, ದಿನಾಂಕ ಸಮೇತ, ಒಟ್ಟು ಲಭ್ಯ ಹಣ, ಖರ್ಚು, ಕೊನೆಯಲ್ಲಿ ಉಳಿಕೆ. ಯಂತ್ರೋಪಕರಣಕ್ಕೆ ಒಂದು ಲೆಕ್ಕ, ಆವರ್ತಕ ಖರ್ಚಿಗೆ ಇನ್ನೊಂದು ಲೆಕ್ಕ.

ಯುಸಿ ಹೆಚ್ಚಾಗಿ ವಾಪಸ್ ಬರುವುದು ಬಡ್ಡಿಯ ಕಾಲಂನಲ್ಲಿ. ಹಳೆಯ ಪದ್ಧತಿಯಂತೆ ಕಾಲೇಜಿಗೇ ಬಂದ ಅನುದಾನದ ಹಣಕ್ಕೆ ಪ್ರತ್ಯೇಕ ಖಾತೆ ಇರದೆ ಕಾಲೇಜಿನ ಸಾಮಾನ್ಯ ಖಾತೆಯಲ್ಲೇ ಸೇರಿಹೋಗಿದ್ದರೆ, ಇಂಥ ಯೋಜನೆಗೆ ಇಷ್ಟು ಬಡ್ಡಿ ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ನಿಯಮದ ಪ್ರಕಾರ ಆ ಬಡ್ಡಿ ಕಾಲೇಜಿನದ್ದಲ್ಲ. ಭಾರತ ಸಂಚಿತ ನಿಧಿಗೆ ಅದನ್ನು ಭಾರತಕೋಶ್ ಜಾಲತಾಣದ ಮೂಲಕ ಕಟ್ಟಬೇಕು. ಮೊತ್ತ ಕೆಲವು ನೂರು ರೂಪಾಯಿ ಇರಬಹುದು. ಆ ರಸೀದಿ ಇಲ್ಲದೆ ಯುಸಿ ಒಪ್ಪುವುದಿಲ್ಲ, ಯುಸಿ ಒಪ್ಪದೆ ಮುಂದಿನ ಕಂತು ಬಿಡುಗಡೆ ಆಗುವುದಿಲ್ಲ, ಕಂತು ಬರದೆ ಸಂಶೋಧನಾ ಸಹಾಯಕನಿಗೆ ಸಂಬಳ ಇಲ್ಲ. ಆರು ತಿಂಗಳ ಸಂಬಳ ನಿಂತದ್ದಕ್ಕೆ ಕಾರಣ ಹುಡುಕಿಕೊಂಡು ಹೋದರೆ ಕೊನೆಗೆ ಸಿಗುವುದು ಕಟ್ಟದೇ ಉಳಿದ ಬಡ್ಡಿ. ಹೊರಗಿನವರಿಗೆ ಇದು ನಂಬಲು ಕಷ್ಟ, ಲೆಕ್ಕ ಶಾಖೆಯವರಿಗೆ ಇದು ಮಾಮೂಲಿ.

ನಿಯಮದಲ್ಲಿ ಯುಸಿಗೆ ಹಣಕಾಸು ವರ್ಷ ಮುಗಿದ ಮೇಲೆ 12 ತಿಂಗಳ ಅವಕಾಶ ಇದೆ. ಆ 12 ತಿಂಗಳನ್ನು ನಂಬಿ ಕೂತ ಕಾಲೇಜು ತನ್ನ ಮುಂದಿನ ಕಂತನ್ನು ತಾನೇ ಒಂದು ವರ್ಷ ಮುಂದೆ ಹಾಕಿಕೊಂಡಂತೆ.

ಜೀಪಿನ ಬಾಡಿಗೆ ಚೀಟಿ

ದೊಡ್ಡ ಮೊತ್ತಕ್ಕಿಂತ ಸಣ್ಣ ಮೊತ್ತವೇ ಹೆಚ್ಚು ಕಾಡುತ್ತದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಬಿರುನಾಣಿ ಕಡೆಯ ಒಂದು ದೇವರಕಾಡಿಗೆ ಸಸ್ಯಶಾಸ್ತ್ರ ತಂಡ ಹೋಗಬೇಕು ಎಂದುಕೊಳ್ಳೋಣ. ಬಸ್ಸು ಒಂದು ಹಂತದವರೆಗೆ ಮಾತ್ರ. ಮುಂದೆ ಜೀಪು. ಜೊತೆಗೆ ದಾರಿ ಮತ್ತು ಮರ ಬಲ್ಲ ಸ್ಥಳೀಯರೊಬ್ಬರು. ಸಂಜೆ ಜೀಪಿನವರು ಬಿಳಿ ಚೀಟಿಯ ಮೇಲೆ ಮೊತ್ತ ಬರೆದು ಸಹಿ ಹಾಕಿ ಕೊಡುತ್ತಾರೆ. ಜಿಎಸ್‌ಟಿ ಸಂಖ್ಯೆ ಇಲ್ಲ, ಬಿಲ್ ನಂಬರ್ ಇಲ್ಲ.

ಈ ಚೀಟಿ ಪಿಎಫ್‌ಎಂಎಸ್‌ನಲ್ಲಿ ಹಣವಾಗಬೇಕಾದರೆ ಜೀಪಿನವರ ಹೆಸರು ಬ್ಯಾಂಕಿನಲ್ಲಿ ಇದ್ದ ಹಾಗೆಯೇ ನೋಂದಣಿಯಾಗಬೇಕು. ಅವರು ತೋರಿಸುವ ಪಾಸ್‌ಬುಕ್ ಸಿಂಡಿಕೇಟ್ ಬ್ಯಾಂಕಿನದ್ದೋ ಕಾರ್ಪೊರೇಷನ್ ಬ್ಯಾಂಕಿನದ್ದೋ ಆಗಿರುವುದು ಕೊಡಗಿನಲ್ಲಿ ಅಪರೂಪವಲ್ಲ. 2020ರ ಏಪ್ರಿಲ್‌ನಲ್ಲಿ ಒಂದು ಕೆನರಾ ಬ್ಯಾಂಕಿಗೆ, ಇನ್ನೊಂದು ಯೂನಿಯನ್ ಬ್ಯಾಂಕಿಗೆ ಸೇರಿದ ಮೇಲೆ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು. ಹಳೆಯ ಸಂಕೇತ ಹಾಕಿದರೆ ಪಾವತಿ ತಿರಸ್ಕಾರವಾಗುತ್ತದೆ. ಮತ್ತೆ ಫೋನ್, ಮತ್ತೆ ತಿದ್ದುಪಡಿ, ಮತ್ತೆ ಇಬ್ಬರ ಒಪ್ಪಿಗೆ. ಅಷ್ಟರಲ್ಲಿ ಅಧ್ಯಾಪಕರು ತಮ್ಮ ಜೇಬಿನಿಂದಲೇ ಬಾಡಿಗೆ ಕೊಟ್ಟಿರುತ್ತಾರೆ. ಅದನ್ನು ಅವರಿಗೆ ಮರುಪಾವತಿ ಮಾಡಿದರೆ, ನೇರವಾಗಿ ಏಕೆ ಪಾವತಿಸಲಿಲ್ಲ ಎಂಬ ಆಡಿಟ್ ಆಕ್ಷೇಪಣೆ ಬರಬಹುದು.

ಇದಕ್ಕೂ ದಾರಿ ಇದೆ. ಕ್ಷೇತ್ರಕಾರ್ಯಕ್ಕೆ ಮುಂಗಡ ಮಂಜೂರು ಮಾಡುವುದು, ದಿನಗೂಲಿಗೆ ಮುದ್ರಿತ ರಸೀದಿ ನಮೂನೆ ಇಟ್ಟುಕೊಳ್ಳುವುದು, ಹೋದ ಜಾಗ, ಕಿಲೋಮೀಟರ್, ವಾಹನ ಸಂಖ್ಯೆ ದಾಖಲಿಸುವ ವಹಿ ಇಡುವುದು. ಬಿಳಿ ಚೀಟಿಗೆ ಈ ಮೂರು ಆಧಾರ ಸೇರಿದರೆ ಬಹುತೇಕ ಲೆಕ್ಕ ಪರಿಶೋಧಕರು ಒಪ್ಪುತ್ತಾರೆ. ಹೊರಟ ದಿನವೇ ಇದನ್ನು ಮಾಡಬೇಕು, ಎರಡು ವರ್ಷದ ನಂತರ ಆಡಿಟ್ ಬಂದಾಗ ಅಲ್ಲ.

ಯಂತ್ರದ ಬೆಲೆ ಏರಿದ್ದು ಎಲ್ಲಿ

2022ರ ಜುಲೈ 18ಕ್ಕೆ ಮೊದಲು ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಸಲಕರಣೆಗೆ ಶೇ 5ರ ರಿಯಾಯಿತಿ ಜಿಎಸ್‌ಟಿ ಇತ್ತು. ಆ ದಿನದಿಂದ ರಿಯಾಯಿತಿ ರದ್ದಾಯಿತು, ಬಹುತೇಕ ಪ್ರಯೋಗಾಲಯ ಸಲಕರಣೆಗೆ ಶೇ 18 ಕಟ್ಟಬೇಕಾಯಿತು. 10 ಲಕ್ಷದ ಯಂತ್ರಕ್ಕೆ ತೆರಿಗೆ 50,000ದಿಂದ 1.8 ಲಕ್ಷಕ್ಕೆ ಏರಿತು. ವ್ಯತ್ಯಾಸ 1.3 ಲಕ್ಷ. ಕಿರಿಯ ಸಂಶೋಧಕರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ ಎಂದಿಟ್ಟುಕೊಂಡರೆ ಇದು ಒಬ್ಬ ಸಂಶೋಧಕನ ಮೂರೂವರೆ ತಿಂಗಳ ಫೆಲೋಶಿಪ್. ಹಳೆಯ ದರದಲ್ಲಿ ಬಜೆಟ್ ಬರೆದವರು ಈ ಹಣ ಎಲ್ಲಿಂದಲೋ ಕತ್ತರಿಸಲೇಬೇಕು.

ಖರೀದಿಯ ದಾರಿಯೂ ಕಷ್ಟದ್ದೇ ಆಗಿತ್ತು. ಸರ್ಕಾರಿ ಇ-ಮಾರುಕಟ್ಟೆ ಜೆಮ್‌ನಲ್ಲಿ ಕುರ್ಚಿ, ಕಂಪ್ಯೂಟರ್ ಸುಲಭವಾಗಿ ಸಿಗುತ್ತವೆ. ಪರಾಗ ನೋಡಲು ಬೇಕಾದ ನಿರ್ದಿಷ್ಟ ಸೂಕ್ಷ್ಮದರ್ಶಕಕ್ಕೆ ಅಲ್ಲಿ ಹೊಂದುವ ಮಾದರಿ ಸಿಗದೇ ಹೋಗಬಹುದು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಂಶೋಧನಾ ಖರೀದಿಯ ನಿಯಮ ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಜೆಮ್ ಹೊರಗೆ ವಿಶೇಷ ಸಲಕರಣೆ ಕೊಳ್ಳಲು ಕುಲಪತಿಗಳಿಗೆ ಮತ್ತು ಸಂಶೋಧನಾ ಸಂಸ್ಥೆಗಳ ನಿರ್ದೇಶಕರಿಗೆ ಅಧಿಕಾರ ಸಿಕ್ಕಿತು. ಸಂಯೋಜಿತ ಕಾಲೇಜಿನ ಪ್ರಾಂಶುಪಾಲರು ಈ ಅಧಿಕಾರವನ್ನು ತಾವೇ ಬಳಸುವ ಮುನ್ನ ಅನುದಾನ ಸಂಸ್ಥೆಯನ್ನು ಪತ್ರ ಬರೆದು ಕೇಳುವುದು ಕ್ಷೇಮ. ರಾಜ್ಯದ ಹಣವಾದರೆ ಇದಾವುದೂ ಅನ್ವಯಿಸದು, ಅಲ್ಲಿ ರಾಜ್ಯದ ಸಾರ್ವಜನಿಕ ಖರೀದಿಗಳ ಕೆಟಿಪಿಪಿ ಕಾಯ್ದೆಯದ್ದೇ ಬೇರೆ ದಾರಿ.

ಸಿಎಸ್‌ಆರ್, ವಿದೇಶಿ ಹಣ: ಎಲ್ಲ ಕಾಲೇಜಿಗೂ ಒಂದೇ ಬಾಗಿಲಲ್ಲ

ಟ್ರಸ್ಟ್ ನಡೆಸುವ ಕಾಲೇಜು, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ವಿವಿಯ ಸ್ನಾತಕೋತ್ತರ ವಿಭಾಗ ಮೂರೂ ಪಕ್ಕಪಕ್ಕದ ಊರಿನಲ್ಲಿದ್ದರೂ ಕಾನೂನಿನ ಕಣ್ಣಿಗೆ ಬೇರೆ ಬೇರೆ.

ಕಂಪನಿಯ ಸಿಎಸ್‌ಆರ್ ಹಣವನ್ನು ಜಾರಿ ಸಂಸ್ಥೆಯಾಗಿ ಪಡೆಯಲು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಕಡ್ಡಾಯ. ಟ್ರಸ್ಟ್‌ಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿಯೂ ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಇದ್ದರೆ ಅದು ಅರ್ಹ. ಶಾಸನಸಭೆಯ ಕಾಯ್ದೆಯಿಂದ ಸ್ಥಾಪನೆಯಾದ ವಿವಿಯೂ ಅರ್ಹ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇಲಾಖೆಯ ಒಂದು ಕಚೇರಿ, ಅದಕ್ಕೆ ಸ್ವತಂತ್ರ ಕಾನೂನು ಅಸ್ತಿತ್ವವಿಲ್ಲ. ಕಂಪನಿ ತಾನೇ ಸಲಕರಣೆ ಕೊಂಡು ಕೊಡಬಹುದು, ಆದರೆ ಯೋಜನೆ ನಡೆಸಲು ಆ ಕಾಲೇಜಿಗೇ ಹಣ ಕೊಡುವುದು ಸುಲಭವಲ್ಲ.

ವಿದೇಶಿ ದೇಣಿಗೆಯಲ್ಲಿ ಅಂತರ ಇನ್ನೂ ಹೆಚ್ಚು. ಟ್ರಸ್ಟ್ ಕಾಲೇಜಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಹೀಗಾಗಿ ಬೆಂಗಳೂರಿನ ದೊಡ್ಡ ಸಂಸ್ಥೆ ವಿದೇಶಿ ಅನುದಾನ ತಂದು ಪೊನ್ನಂಪೇಟೆಯ ಕಾಲೇಜಿನೊಡನೆ ಹಂಚಿಕೊಳ್ಳುವ ಹಳೆಯ ದಾರಿ ಮುಚ್ಚಿದೆ. ಮಹಾಲೇಖಪಾಲರ ಕಡ್ಡಾಯ ಆಡಿಟ್‌ಗೆ ಒಳಪಟ್ಟ, ಕಾಯ್ದೆಯಿಂದ ಸ್ಥಾಪಿತ ಸಂಸ್ಥೆಗಳಿಗೆ ಮಾತ್ರ ಈ ಕಾಯ್ದೆಯಿಂದ ವಿನಾಯಿತಿ.

ಜಿಎಸ್‌ಟಿಯ ಒಂದು ಮಾತನ್ನೂ ಇಲ್ಲೇ ಸೇರಿಸಬೇಕು. ಸಂಶೋಧನಾ ಅನುದಾನಕ್ಕೆ ತೆರಿಗೆ ಇಲ್ಲ ಎಂದು 2024ರ ಅಕ್ಟೋಬರ್ 10ರಿಂದ ವಿನಾಯಿತಿ ಬಂದಿದೆ ನಿಜ. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ ಮತ್ತು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 35ರಡಿ ಅಧಿಸೂಚಿತವಾದ ಸಂಸ್ಥೆಗಳಿಗೆ. ಎಲ್ಲ ಖಾಸಗಿ ಕಾಲೇಜಿಗೂ ತಾನಾಗಿ ಸಿಗುವುದಿಲ್ಲ.

ಯಾರು ಏನು ಹೇಳುತ್ತಾರೆ

ಅಧ್ಯಾಪಕರ ವಾದ: ಯೋಜನೆ ನಮ್ಮದು, ವಿಷಯ ನಮಗೆ ಗೊತ್ತು, 500 ರೂಪಾಯಿ ಖರ್ಚಿಗೂ ಮೂರು ಸಹಿ ಬೇಕೆಂದರೆ ಕೆಲಸ ಆಗುವುದು ಯಾವಾಗ? ಕಚೇರಿಯ ವಾದ: ಸಹಿ ಹಾಕುವವರು ನಾವು. ಪ್ರಧಾನ ಸಂಶೋಧಕರು ವರ್ಗವಾಗಿ ಹೋದ ಮೇಲೂ ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡಬೇಕಾದವರು ಕಾಲೇಜಿನವರೇ. ಪರೀಕ್ಷೆ, ವಿದ್ಯಾರ್ಥಿವೇತನ, ದಾಖಲಾತಿ, ಸಂಬಳದ ಬಿಲ್ ನೋಡುವ ಪ್ರಥಮ ದರ್ಜೆ ಸಹಾಯಕರಿಗೇ (ಎಫ್‌ಡಿಎ) ಇದೂ ಸೇರಿದರೆ ಯಾವುದನ್ನು ಮೊದಲು ಮಾಡಬೇಕು? ಹಣ ಕೊಡುವವರ ವಾದ: ಇದು ತೆರಿಗೆದಾರರ ಹಣ, ಲೆಕ್ಕ ಬರದೆ ಇನ್ನಷ್ಟು ಕೊಡಲಾಗದು.

ಮೂರೂ ವಾದದಲ್ಲಿ ಹುರುಳಿದೆ. ಆದರೆ ಮೂರರ ತೂಕವೂ ಒಂದೇ ಅಲ್ಲ. ಸಣ್ಣ ಊರಿನ ಕಾಲೇಜುಗಳಲ್ಲಿ ಹಣ ದುರುಪಯೋಗಕ್ಕಿಂತ ಹಣ ಬಳಕೆಯಾಗದಿರುವುದೇ ದೊಡ್ಡ ನಷ್ಟ. ಅದಕ್ಕೆ ಮೂಲ ಕಚೇರಿಯವರು ಹೇಳುವ ಕಾರಣದಲ್ಲಿದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದವು, ಅವನ್ನು ಪಾಲಿಸುವ ಕೈಗಳು ಹೆಚ್ಚಲಿಲ್ಲ. ಬೋಧನೆಯ ಕಡೆಯೂ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡಿವೆ. ಅನುದಾನ ಸಂಸ್ಥೆಗಳು ಸಾಮಾನ್ಯವಾಗಿ ಕಾಯಂ ಅಧ್ಯಾಪಕರನ್ನೇ ಪ್ರಧಾನ ಸಂಶೋಧಕರಾಗಿ ಒಪ್ಪುವುದರಿಂದ ಅರ್ಜಿ ಹಾಕಬಲ್ಲವರೇ ಬೆರಳೆಣಿಕೆ. ಅವರಲ್ಲೊಬ್ಬರು ಒಮ್ಮೆ ಯುಸಿ ಗೋಜಿಗೆ ಸಿಕ್ಕಿ ಬಳಲಿದರೆ ಎರಡನೆಯ ಸಲ ಅರ್ಜಿ ಹಾಕುವುದಿಲ್ಲ. ಈ ನಷ್ಟ ಯಾವ ಲೆಕ್ಕ ಪುಸ್ತಕದಲ್ಲೂ ಕಾಣುವುದಿಲ್ಲ.

ವಿವಿ ವಿಲೀನವಾದರೆ ಏನಾಗಬಹುದು

ಸ್ವಂತ ಖಾತೆ, ಸ್ವಂತ ನೋಂದಣಿ ಇರುವ ಸಂಯೋಜಿತ ಕಾಲೇಜುಗಳ ಅನುದಾನಕ್ಕೆ ನೇರ ತೊಂದರೆ ಕಡಿಮೆ. ಹಣ ಕಾಲೇಜಿನ ಹೆಸರಿನಲ್ಲೇ ಇರುತ್ತದೆ. ಅವರು ನೋಡಿಕೊಳ್ಳಬೇಕಾದದ್ದು ಮಾರ್ಗದರ್ಶಕರ ಮಾನ್ಯತೆ ಮತ್ತು ಪಿಎಚ್‌ಡಿ ನೋಂದಣಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು.

ವಿವಿಯ ಸ್ನಾತಕೋತ್ತರ ವಿಭಾಗಗಳ ಕತೆ ಬೇರೆ. ಅಲ್ಲಿ ಅನುದಾನ ಪಡೆಯುವ ಸಂಸ್ಥೆ ವಿವಿಯೇ. ಪ್ಯಾನ್, ಪಿಎಫ್‌ಎಂಎಸ್ ಸಂಕೇತ, ಬ್ಯಾಂಕ್ ಖಾತೆ, ಡಿಜಿಟಲ್ ಸಹಿ ಎಲ್ಲವೂ ಅದರ ಹೆಸರಿನಲ್ಲಿರುತ್ತವೆ. ವಿವಿ ವಿಲೀನವಾದ ದಿನ ಆಸ್ತಿ, ಹೊಣೆಗಾರಿಕೆಗಳು ಕಾನೂನಿನ ಪ್ರಕಾರ ಉತ್ತರಾಧಿಕಾರಿ ವಿವಿಗೆ ಹೋಗಬಹುದು. ಆದರೆ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅವು ತಾನಾಗಿ ಹೋಗುವುದಿಲ್ಲ. ಪ್ರತಿ ಅನುದಾನ ಸಂಸ್ಥೆಗೂ ಪತ್ರ ಬರೆದು ಅನುಷ್ಠಾನ ಸಂಸ್ಥೆಯ ಬದಲಾವಣೆಗೆ ಒಪ್ಪಿಗೆ ಪಡೆಯಬೇಕು, ಹಳೆಯ ಹೆಸರಿನಲ್ಲಿ ಲೆಕ್ಕ ಮುಚ್ಚಿ ಯುಸಿ ಕೊಡಬೇಕು, ಹೊಸ ಹೆಸರಿನಲ್ಲಿ ತೆರೆಯಬೇಕು. ಅನುದಾನದಿಂದ ಕೊಂಡ ಯಂತ್ರವನ್ನು ಅನುದಾನ ಕೊಟ್ಟವರ ಅನುಮತಿ ಇಲ್ಲದೆ ವಿಲೇವಾರಿ ಮಾಡುವಂತಿಲ್ಲ. ಹಾಗಾಗಿ ಚಿಕ್ಕ ಅಳುವಾರದ ಪ್ರಯೋಗಾಲಯದ ಸ್ಟಾಕ್ ರಿಜಿಸ್ಟರ್‌ನ ಒಂದೊಂದು ಸಾಲನ್ನೂ ಹೊಸ ವಹಿಗೆ ಏರಿಸಬೇಕು. ಹೊಸ ವಿವಿಗಳಲ್ಲಿ ಹಣ, ಸಿಬ್ಬಂದಿ ಇಲ್ಲ ಎಂಬ ಸರ್ಕಾರದ ಕಡೆಯ ವಾದದಲ್ಲಿ ಸತ್ಯವಿದೆ. ಮುಚ್ಚುವುದಕ್ಕೂ ಹಣ, ಸಿಬ್ಬಂದಿ ಬೇಕು ಎಂಬುದೂ ಅಷ್ಟೇ ಸತ್ಯ.

ಇನ್ನೊಂದು ಪರಿಣಾಮ ನಿಧಾನವಾಗಿ ಕಾಣುವಂಥದ್ದು. ಸಿಎಸ್‌ಆರ್ ಮತ್ತು ವಿದೇಶಿ ಹಣ ಪಡೆಯಲು ಕಾಯ್ದೆಯಿಂದ ಸ್ಥಾಪಿತ ಸಂಸ್ಥೆಗಿರುವ ಅನುಕೂಲವನ್ನು ಮೇಲೆ ನೋಡಿದೆವು. ಕೊಡಗಿನೊಳಗೆ ಆ ಬಗೆಯ ವಿವಿ ಇಲ್ಲವಾದರೆ ಸರ್ಕಾರಿ ಕಾಲೇಜುಗಳು ಅಂಥ ಹಣಕ್ಕೆ ಮತ್ತೆ ಮಂಗಳೂರಿನ ಬಾಗಿಲನ್ನೇ ತಟ್ಟಬೇಕು.

ಜಿಲ್ಲೆಗೊಂದು ಅನುದಾನ ಕೋಶ ಸಾಧ್ಯವೇ?

ಪ್ರತಿ ಕಾಲೇಜೂ ಲೆಕ್ಕ ಬಲ್ಲ ಒಬ್ಬರನ್ನು ನೇಮಿಸಿಕೊಳ್ಳುವುದು ಆಗದ ಮಾತು. ಆದರೆ ಬಹುತೇಕ ಕೇಂದ್ರ ಯೋಜನೆಗಳಲ್ಲಿ ಸಂಸ್ಥೆಯ ಖರ್ಚಿಗೆಂದು ಶೇ 10ರ ಆಸುಪಾಸು ಓವರ್‌ಹೆಡ್ ಇರುತ್ತದೆ. ಐದು ಕಾಲೇಜುಗಳಲ್ಲಿ ತಲಾ 20 ಲಕ್ಷದ ಮೂರು ವರ್ಷದ ಯೋಜನೆ ಇದೆ ಎಂದು ಊಹಿಸೋಣ. ಒಟ್ಟು ಒಂದು ಕೋಟಿ, ಅದರಲ್ಲಿ ಓವರ್‌ಹೆಡ್ 10 ಲಕ್ಷ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 27,800 ರೂಪಾಯಿ. ಬಿ.ಕಾಂ. ಮುಗಿಸಿ ಪಿಎಫ್‌ಎಂಎಸ್ ಕಲಿತ ಒಬ್ಬ ಹುಡುಗ ಅಥವಾ ಹುಡುಗಿಗೆ ಇಲ್ಲೇ ಕೆಲಸ ಕೊಡಲು ಅಷ್ಟು ಸಾಕಾಗಬಹುದು. ವಾರಕ್ಕೊಂದು ದಿನ ಒಂದೊಂದು ಕಾಲೇಜು.

ಅಡ್ಡಿಗಳೂ ಇವೆ. ಒಂದು ಸಂಸ್ಥೆಯ ಓವರ್‌ಹೆಡ್ ಅನ್ನು ಇನ್ನೊಂದಕ್ಕೆ ಸುಮ್ಮನೆ ವರ್ಗಾಯಿಸುವಂತಿಲ್ಲ. ಕಾಲೇಜುಗಳ ನಡುವೆ ಲಿಖಿತ ಒಪ್ಪಂದ, ಸೇವಾ ಶುಲ್ಕದ ಬಿಲ್ ಬೇಕು. ಸರ್ಕಾರಿ ಕಾಲೇಜಿಗೆ ಇಲಾಖೆಯ ಒಪ್ಪಿಗೆ ಬೇಕು. ಪಾವತಿ ಒಪ್ಪುವ ಅಧಿಕಾರ ಪ್ರಾಂಶುಪಾಲರಲ್ಲೇ ಉಳಿಯಬೇಕು, ಹೊರಗಿನವರ ಕೈಗೆ ಡಿಜಿಟಲ್ ಸಹಿಯ ಟೋಕನ್ ಕೊಡುವ ಹಾಗಿಲ್ಲ. ಇವು ದಾಟಲಾಗದ ಅಡ್ಡಿಗಳಲ್ಲ. ಜೇನು, ಕಾಫಿ, ಏಲಕ್ಕಿಗೆ ಸಹಕಾರ ಸಂಘ ಕಟ್ಟಿದ ಜಿಲ್ಲೆಗೆ ಐದು ಕಾಲೇಜುಗಳ ಲೆಕ್ಕ ಒಂದೆಡೆ ಕೂರಿಸುವುದು ಆಗದ ಕೆಲಸವೇನಲ್ಲ.

ಈ ಕೋಶ ಎಲ್ಲಿ ಕೂರಬೇಕು ಎಂಬುದು ವಿವಿಯ ಪ್ರಶ್ನೆಗೆ ತಿರುಗಿ ಬರುತ್ತದೆ. ವಿವಿ ಉಳಿದರೆ ಚಿಕ್ಕ ಅಳುವಾರ ಸಹಜ ಜಾಗ. ವಿಲೀನವಾದರೆ, ಆ ಆದೇಶದಲ್ಲೇ ಚಾಲ್ತಿ ಯೋಜನೆಗಳ ಪಟ್ಟಿ, ಪ್ರತಿಯೊಂದರ ಉಳಿಕೆ, ಅವಕ್ಕೆ ಉತ್ತರ ಕೊಡಬೇಕಾದ ಅಧಿಕಾರಿಯ ಹುದ್ದೆ, ಜಿಲ್ಲೆಯೊಳಗೆ ಉಳಿಯುವ ಲೆಕ್ಕ ಕಚೇರಿ ಇಷ್ಟನ್ನೂ ಬರೆದಿರಬೇಕು. ಬರೆಯದೇ ಬಿಟ್ಟರೆ ಕಡತಗಳು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತವೆ. ಅವು ಅಲ್ಲಿ ಹೊಸ ಸಂಖ್ಯೆ ಪಡೆದು ಮರಳಿ ಬರುವಷ್ಟರಲ್ಲಿ ಇಲ್ಲಿ ಒಂದು ಹೂಮಳೆ ಬಿದ್ದು, ಹೂ ಅರಳಿ, ಬಾಡಿ ಮುಗಿದಿರುತ್ತದೆ.